ಮಳೆಗಾಲಕ್ಕೆ ಎಲೆಕ್ಟ್ರಿಕ್ ವೀಲ್‌ಚೇರ್ ರೆಡಿ ಮಾಡೋದು ಹೇಗೆ? ನೀರಿನಿಂದ ಕಾಯಬೇಕಾದ ಜಾಗ ನಾಲ್ಕೇ ನಾಲ್ಕು

ಉಡುಪಿ: ಮೇ ತಿಂಗಳು ಮುಗಿಯುತ್ತಾ ಬಂತು ಅಂದ್ರೆ ನಮ್ಮ ಕಡೆ ಎಲ್ಲರಿಗೂ ಗಡಿಬಿಡಿ. ಒಡೆದ ಹಂಚು ಬದಲಿಸೋದು, ಕಟ್ಟಿಗೆ ಒಳಗೆ ಪೇರಿಸೋದು, ತೋಡು ಬಿಡಿಸೋದು, ಬೈಕಿನ ಸವೆದ ಟಯರ್ ಬದಲಿಸೋದು. ಎಲೆಕ್ಟ್ರಿಕ್ ವೀಲ್‌ಚೇರ್ ಇರುವ ಮನೆಗಳಲ್ಲಿ ಮಾತ್ರ ಇನ್ನೊಂದು ಕೆಲಸ ನಡೆಯುತ್ತೆ. ಗಾಡಿಗೆ ಟಾರ್ಪಾಲು ಸುತ್ತಿ ಮೂಲೆಗೆ ತಳ್ಳೋದು. ಇನ್ನು ಚೌತಿ ಕಳೆದ ಮೇಲೆ ನೋಡೋಣ ಅಂತ.

ಗಾಡಿ ಮೂಲೆಗೆ ಹೋಯ್ತು ಅಂದ್ರೆ ಅದರಲ್ಲಿ ಕೂತು ಓಡಾಡುವವರೂ ಮೂಲೆಗೆ ಹೋದ ಹಾಗೆ. ಕಾಲೇಜು, ಕೆಲಸ, ಬ್ಯಾಂಕು, ಫಿಸಿಯೋಥೆರಪಿ, ಪೇಟೆ ಎಲ್ಲ ಬಂದ್. ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳು, ಅಂದ್ರೆ ವರ್ಷದ ಮೂರನೇ ಒಂದು ಭಾಗ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ದೊಡ್ಡ ಪಾಲು ಬರೋದು ಈ ನಾಲ್ಕೇ ತಿಂಗಳಲ್ಲಿ. ಮಳೆ ಪೂರ್ತಿ ನಿಲ್ಲಲಿ ಅಂತ ಕಾದರೆ ಹೊರಗೆ ಹೋಗೋಕೆ ದಿನವೇ ಸಿಗಲ್ಲ.

ಹಾಗಂತ ಹೆದರುವವರದ್ದು ಸುಮ್ಮನೆ ಹೆದರಿಕೆ ಅಲ್ಲ. ಲಕ್ಷದ ಹತ್ತಿರ ಬೆಲೆ ಬಾಳುವ ಗಾಡಿ ನೀರು ಹೋಗಿ ಕೆಟ್ಟರೆ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಆದರೆ ಗಾಡಿಯ ಮೈಗೆಲ್ಲ ನೀರು ಬಿದ್ದರೆ ತೊಂದರೆ ಇಲ್ಲ. ತೊಂದರೆ ಆಗೋದು ನಾಲ್ಕು ಜಾಗದಲ್ಲಿ ನೀರು ಹೋದರೆ, ಹೋದ ನೀರು ಅಲ್ಲೇ ನಿಂತರೆ. ಆ ನಾಲ್ಕು ಜಾಗ ಯಾವುದು, ಅದನ್ನು ಕಾಯೋದು ಹೇಗೆ, ಒದ್ದೆಯಾಗಿ ಮನೆಗೆ ಬಂದ ಮೇಲೆ ಏನು ಮಾಡಬೇಕು ಅಂತ ಇಲ್ಲಿ ಒಂದೊಂದಾಗಿ ನೋಡೋಣ.

ನೀರು ಗಾಡಿಯನ್ನು ಕೆಡಿಸೋದು ಹೇಗೆ?

ನೀರು ಬಿದ್ದ ಕೂಡಲೇ ಗಾಡಿ ಸುಟ್ಟು ಹೋಗುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಸಲ ಹಾಗಾಗಲ್ಲ. ಮಳೆಯಲ್ಲಿ ನೆನೆದ ದಿನ ಗಾಡಿ ಚೆನ್ನಾಗೇ ಓಡುತ್ತೆ. ಹದಿನೈದು ದಿನ ಬಿಟ್ಟು, ಬಿಸಿಲಿರುವ ದಿನವೇ, ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ. ಆಗ ಯಾರಿಗೂ ಮಳೆ ನೆನಪಾಗಲ್ಲ, ಕಂಪನಿ ಸರಿ ಇಲ್ಲ ಅಂತ ಬೈತೇವೆ.

ಒಳಗೆ ನಡೆಯೋದು ಇಷ್ಟು. ಮಳೆ ನೀರಿಗೆ ಧೂಳು, ಕೈ ಬೆವರು, ನಮ್ಮ ಕಡಲ ಗಾಳಿಯ ಉಪ್ಪು ಸೇರಿದರೆ ಅದು ಕರೆಂಟ್ ಹರಿಸುವ ನೀರಾಗುತ್ತೆ. ಅದು ಕನೆಕ್ಟರ್‌ಗಳ ಪಿನ್ನುಗಳ ಮಧ್ಯೆ ನಿಂತಾಗ ಅಲ್ಲಿ ಕರೆಂಟ್ ಇದ್ದರೆ ಲೋಹ ನಿಧಾನಕ್ಕೆ ಕರಗಿ ಹಸಿರು ಕಿಲುಬು ಕಟ್ಟುತ್ತೆ. ಹಳೇ ತಾಮ್ರದ ಚೆಂಬಿನ ಮೇಲೆ ಕಾಣುತ್ತಲ್ಲ, ಅದೇ. ಕಿಲುಬು ಹೆಚ್ಚಾದ ಹಾಗೆ ಸಂಪರ್ಕ ಬಿಡುತ್ತೆ, ಗಾಡಿ ನಿಲ್ಲುತ್ತೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ನೀರು ತಾಗೋದಕ್ಕಿಂತ ನೀರು ಒಳಗೆ ನಿಲ್ಲೋದು ದೊಡ್ಡ ಶತ್ರು. ಎರಡು, ಒದ್ದೆ ಗಾಡಿಯ ಸ್ವಿಚ್ ಆಫ್ ಮಾಡಿದರೆ ಅರ್ಧ ಹಾನಿ ತಪ್ಪುತ್ತೆ.

'ವಾಟರ್‌ಪ್ರೂಫ್' ಅಂತ ಅಂಗಡಿಯವರು ಹೇಳಿದ್ರೆ?

ನಂಬೋ ಮೊದಲು ಗಾಡಿಯ ಮ್ಯಾನುವಲ್ ಪುಸ್ತಕ ತೆಗೆದು ನೋಡಿ. ಅದರಲ್ಲಿ ಐಪಿ ಅಂತ ಶುರುವಾಗುವ ಒಂದು ಗುರುತು ಇರುತ್ತೆ. ಅದರ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಆ ವಿಷಯ ಅಲ್ಲಿ ನಮೂದಾಗಿಲ್ಲ ಅಂತ ಅರ್ಥ.

ಐಪಿಎಕ್ಸ್4 ಅಂದ್ರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಡೆದುಕೊಳ್ಳುತ್ತೆ. ಐಪಿಎಕ್ಸ್5 ಅಂದ್ರೆ ಪೈಪಿನಿಂದ ರಭಸವಾಗಿ ಬಿಟ್ಟ ನೀರನ್ನೂ ತಡೆಯುತ್ತೆ. ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ಪರವಾಗಿಲ್ಲ. ವೀಲ್‌ಚೇರ್‌ಗಳಲ್ಲಿ ಹೆಚ್ಚಾಗಿ ಕಾಣೋದು ಐಪಿಎಕ್ಸ್4. ಅಂದ್ರೆ ಮಳೆ ಹನಿಗೆ ಓಕೆ, ಪೈಪಿನಲ್ಲಿ ತೊಳೆಯೋಕೆ ಅಲ್ಲ, ನೀರಲ್ಲಿ ಮುಳುಗಿಸೋಕೆ ಅಂತೂ ಅಲ್ಲವೇ ಅಲ್ಲ.

ಇನ್ನೊಂದು ಮಾತು. ಈ ಪರೀಕ್ಷೆ ಮಾಡೋದು ಹೊಸ ವಸ್ತುವಿನ ಮೇಲೆ. ಮೂರು ವರ್ಷ ಬಿಸಿಲಲ್ಲಿ ಓಡಿ ರಬ್ಬರ್ ಸೀಳಿದ ಗಾಡಿಗೆ ಆ ಅಂಕಿ ಅನ್ವಯ ಆಗಲ್ಲ. ನೀರಿನಿಂದ ಆದ ಹಾನಿಗೆ ವಾರಂಟಿ ಕೊಡದ ಕಂಪನಿಗಳೂ ಇವೆ. ಖರೀದಿ ಮಾಡುವಾಗಲೇ ಇದನ್ನು ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಜಾಗ 1: ಜಾಯ್‌ಸ್ಟಿಕ್

ಗಾಡಿಯಲ್ಲಿ ಮಳೆಗೆ ಅತಿ ಹೆಚ್ಚು ಸಿಕ್ಕಿಬೀಳೋದು ಇದೇ. ಮೇಲಿನಿಂದ ನೇರ ಮಳೆ, ಜೊತೆಗೆ ರೈನ್‌ಕೋಟ್ ತೋಳಿನಿಂದ ಇಳಿದು ಬರುವ ನೀರು ಮೊಣಕೈ, ಬೆರಳು ದಾಟಿ ಸೀದಾ ಜಾಯ್‌ಸ್ಟಿಕ್ ಬುಡಕ್ಕೇ ಹೋಗುತ್ತೆ.

ಜಾಯ್‌ಸ್ಟಿಕ್ ಕಡ್ಡಿಯ ಬುಡದಲ್ಲಿ ಮಡಿಕೆ ಮಡಿಕೆಯಾಗಿ ಒಂದು ರಬ್ಬರ್ ಟೋಪಿ ಇರುತ್ತೆ. ನೀರನ್ನು ತಡೆಯೋದು ಅದೊಂದೇ. ಮಳೆಗಾಲಕ್ಕೆ ಮೊದಲು ಗಾಡಿ ಆಫ್ ಮಾಡಿ ಕಡ್ಡಿಯನ್ನು ನಾಲ್ಕೂ ಕಡೆ ಬಾಗಿಸಿ ಮಡಿಕೆಗಳ ಒಳಗೆ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಸೀಳಿದ್ದರೂ ಬದಲಿಸಿ. ರಬ್ಬರ್ ಟೋಪಿ ಮಾತ್ರ ಬದಲಿಸಿದರೆ ಖರ್ಚು ಕಡಿಮೆ. ನೀರು ಹೋಗಿ ಇಡೀ ಜಾಯ್‌ಸ್ಟಿಕ್ ಬದಲಿಸಬೇಕಾದ್ರೆ ಸಾವಿರಾರು ರೂಪಾಯಿ. ಸೀಳಿದ ಜಾಗಕ್ಕೆ ಫೆವಿಕ್ವಿಕ್ ಹಾಕಬೇಡಿ, ರಬ್ಬರ್ ಗಟ್ಟಿಯಾಗಿ ಕಡ್ಡಿ ಸರಿಯಾಗಿ ತಿರುಗಲ್ಲ.

ಹೊರಗೆ ಹೋಗುವಾಗ ಮೇಲಿನಿಂದ ಒಂದು ಕವರ್ ಬೇಕು. ರೆಡಿಮೇಡ್ ಜಾಯ್‌ಸ್ಟಿಕ್ ಕವರ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಸಿಗದಿದ್ರೆ ತಲೆಗೆ ಹಾಕುವ ಶವರ್ ಕ್ಯಾಪ್ ಅಥವಾ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಾಕು. ಪಾರದರ್ಶಕವೇ ಯಾಕೆ ಅಂದ್ರೆ ಬ್ಯಾಟರಿ ಲೈಟು, ಸ್ಪೀಡು ಕಾಣಬೇಕು.

ಕವರ್ ಹಾಕುವಾಗ ಮೂರು ವಿಷಯ ಮರೀಬೇಡಿ:

- ಕವರ್ ಸಡಿಲ ಇರಲಿ. ಕಡ್ಡಿಯನ್ನು ಬಿಟ್ಟ ಕೂಡಲೇ ಅದು ತಾನಾಗಿ ನಡುವಿಗೆ ಬರಬೇಕು. ಕವರ್ ಎಳೆದು ಹಿಡಿದರೆ ನೀವು ಕೈ ಬಿಟ್ಟರೂ ಗಾಡಿ ಹೋಗ್ತಾನೇ ಇರುತ್ತೆ. ಮನೆ ಅಂಗಳದಲ್ಲಿ ಕಡಿಮೆ ಸ್ಪೀಡಲ್ಲಿ ಪರೀಕ್ಷೆ ಮಾಡಿಯೇ ರಸ್ತೆಗೆ ಇಳಿಯಿರಿ.
- ಅಡಿಭಾಗ ಪೂರ್ತಿ ಕಟ್ಟಬೇಡಿ. ಗಾಳಿ ಆಡದಿದ್ರೆ ಒಳಗೇ ಬೆವರು ಕಟ್ಟಿ ಹನಿ ಬೀಳುತ್ತೆ.
- ಮನೆಗೆ ಬಂದ ಕೂಡಲೇ ಕವರ್ ತೆಗೆಯಿರಿ. ರಾತ್ರಿಯೆಲ್ಲ ಒದ್ದೆ ಕವರ್ ಹಾಕಿಡೋದು ಮಳೆಯಲ್ಲಿ ಬಿಟ್ಟ ಹಾಗೇ.

ಜಾಗ 2: ಚಾರ್ಜಿಂಗ್ ತೂತು

ಹಲವು ಗಾಡಿಗಳಲ್ಲಿ ಇದು ಜಾಯ್‌ಸ್ಟಿಕ್ ಡಬ್ಬಿಯ ಮುಂದೆ ಅಥವಾ ಅಡಿಯಲ್ಲಿ ಇರುತ್ತೆ, ಕೆಲವದರಲ್ಲಿ ಬ್ಯಾಟರಿ ಡಬ್ಬಿಯಲ್ಲೇ ಇರುತ್ತೆ. ಮುಚ್ಚೋಕೆ ಸಣ್ಣ ರಬ್ಬರ್ ಬಿರಡೆ ಇರುತ್ತೆ. ಗಾಡಿ ಬಂದ ಮೂರನೇ ತಿಂಗಳಿಗೆ ಕಳೆದು ಹೋಗುವುದೂ ಅದೇ. ಕಳೆದಿದ್ರೆ ಹೊಸದು ತರಿಸಿ. ಬರುವ ತನಕ ಮೇಲಿನಿಂದ ಇನ್ಸುಲೇಷನ್ ಟೇಪ್ ಅಂಟಿಸಬಹುದು. ತೂತಿನ ಒಳಗೆ ಬಟ್ಟೆ, ಹತ್ತಿ, ಎಂ-ಸೀಲ್ ತುರುಕಬೇಡಿ.

ಚಾರ್ಜಿಂಗ್ ವಿಷಯದಲ್ಲಿ ಒಂದೇ ನಿಯಮ. ಒದ್ದೆ ಗಾಡಿಗೆ ಚಾರ್ಜರ್ ಹಾಕಬಾರದು. ಪೂರ್ತಿ ಒಣಗಿದ ಮೇಲೆ ಮಾತ್ರ. ರಾತ್ರಿ ಮನೆಗೆ ಬಂದು, ಬೆಳಗ್ಗೆ ಕೆಲಸಕ್ಕೆ ಹೋಗಬೇಕು ಅಂತ ಗಡಿಬಿಡಿಯಲ್ಲಿ ಪಿನ್ ಚುಚ್ಚಿದಾಗಲೇ ಪಿನ್ ಸುಡೋದು. ಹಾಗಾಗಿ ಮಳೆಗಾಲದಲ್ಲಿ ಬ್ಯಾಟರಿ ಖಾಲಿ ಆಗುವ ತನಕ ಕಾಯಬೇಡಿ. ಒಣ ದಿನ ಸಿಕ್ಕಾಗಲೇ ಚಾರ್ಜ್ ಮಾಡಿಟ್ಟರೆ ಒದ್ದೆ ದಿನ ಒಂದು ರಾತ್ರಿ ಬಿಟ್ಟರೂ ನಡೆಯುತ್ತೆ.

ಚಾರ್ಜರ್ ಡಬ್ಬಿ ಮನೆಯೊಳಗೆ ಬಳಸೋಕೆ ಮಾಡಿದ್ದು. ಅದಕ್ಕೆ ಬರೋದು 230 ವೋಲ್ಟ್ ಕರೆಂಟ್. ಎರಚಲು ಬೀಳುವ ಸಿಟೌಟಿನಲ್ಲಿ, ಒದ್ದೆ ನೆಲದ ಮೇಲೆ ಇಡಬೇಡಿ. ಸ್ಟೂಲಿನ ಮೇಲಿಡಿ, ಗಾಳಿ ಆಡಲಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಸಿಡಿಲಿನ ಕಾಟ ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಜಾಸ್ತಿ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುತ್ತೆ. ಇಲ್ಲದಿದ್ರೆ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿಕೊಳ್ಳಿ. ಇದು ಗಾಡಿಗೆ ಮಾತ್ರ ಅಲ್ಲ, ಮನೆಯವರ ಜೀವಕ್ಕೂ.

ಜಾಗ 3: ಸೀಟಿನ ಅಡಿಯ ಕಂಟ್ರೋಲರ್ ಮತ್ತು ವಯರ್ ಜೋಡಣೆ

ಸೀಟಿನ ಕೆಳಗೆ ಒಂದು ಡಬ್ಬಿಯಿದ್ದು ಅದಕ್ಕೆ ನಾಲ್ಕೈದು ದಪ್ಪ ವಯರ್ ಸೇರಿರುತ್ತವೆ. ಅದು ಗಾಡಿಯ ಮಿದುಳು. ಜಾಯ್‌ಸ್ಟಿಕ್ ಕೊಟ್ಟ ಸೂಚನೆ ಪ್ರಕಾರ ಎರಡೂ ಮೋಟಾರಿಗೆ ಎಷ್ಟು ಕರೆಂಟ್ ಕೊಡಬೇಕು ಅಂತ ತೀರ್ಮಾನ ಮಾಡೋದು ಅದು. ಹಲವು ಮಡಚುವ ಗಾಡಿಗಳಲ್ಲಿ ಇದೂ ಜಾಯ್‌ಸ್ಟಿಕ್ ಡಬ್ಬಿಯೊಳಗೇ ಇರುತ್ತೆ, ಅಂಥ ಗಾಡಿಗೆ ಜಾಯ್‌ಸ್ಟಿಕ್ ಕವರ್ ಇನ್ನೂ ಮುಖ್ಯ.

ಇಲ್ಲಿಗೆ ನೀರು ಬರೋದು ಮೇಲಿನಿಂದ ಅಲ್ಲ. ಚಕ್ರ ಎರಚುವ ಕೆಸರು ನೀರು ಕೆಳಗಿನಿಂದ ಬರುತ್ತೆ. ಸೀಟಿನ ಸ್ಪಾಂಜು ಕುಡಿದ ನೀರು ನಿಧಾನಕ್ಕೆ ಹನಿಯುತ್ತೆ. ವಯರಿನ ಗುಂಟ ಇಳಿದ ನೀರು ಕನೆಕ್ಟರ್‌ನೊಳಗೆ ಸೇರುತ್ತೆ. ಅದಕ್ಕೆ ವಯರ್ ಕನೆಕ್ಟರ್‌ಗೆ ಸೇರುವ ಮೊದಲು ಇಂಗ್ಲಿಷಿನ 'ಯು' ಅಕ್ಷರದ ಹಾಗೆ ಕೆಳಗೆ ಬಾಗಿ ಮೇಲೆ ಹೋಗುವಂತೆ ಟೈ ಹಾಕಿ ಕಟ್ಟಿ. ನೀರು ಬಾಗಿದ ಜಾಗದಲ್ಲೇ ಕೆಳಗೆ ಬೀಳುತ್ತೆ. ಮನೆಗೆ ಕರೆಂಟ್ ಲೈನ್ ಎಳೆಯುವಾಗ ಲೈನ್‌ಮ್ಯಾನ್ ವಯರನ್ನು ಬಾಗಿಸಿ ಒಳಗೆ ಬಿಡೋದೂ ಇದಕ್ಕೇ.

ಕೆಸರು ತಡೆಯೋಕೆ ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ರೆ ದಪ್ಪ ರಬ್ಬರ್ ಶೀಟ್ ಕತ್ತರಿಸಿ ಹಾಕಿಸಬಹುದು. ಚಕ್ರಕ್ಕೆ ತಾಗಬಾರದು, ಕಂಟ್ರೋಲರ್ ಡಬ್ಬಿಯನ್ನೇ ಸುತ್ತಿ ಬಿಗಿಯಬಾರದು. ಓಡುವಾಗ ಆ ಡಬ್ಬಿ ಬಿಸಿಯಾಗುತ್ತೆ, ಬಿಸಿ ಹೊರಗೆ ಹೋಗಬೇಕು.

ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಬ್ಯಾಟರಿ ಬಿಚ್ಚಿಟ್ಟು ಕನೆಕ್ಟರ್‌ಗಳನ್ನು ಒಂದೊಂದಾಗಿ ತೆಗೆಸಿ ನೋಡಿ. ಹಸಿರು ಕಂಡರೆ ಮೆಕ್ಯಾನಿಕ್ ಹತ್ತಿರ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೆಗೆಸಿ, ಮೇಲೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ. ಇದು ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುತ್ತೆ. ಮಾಮೂಲಿ ಚೈನ್ ಗ್ರೀಸ್, ತೆಂಗಿನೆಣ್ಣೆ ಬೇಡ. ಬಿಚ್ಚುವ ಮೊದಲು ಮೊಬೈಲಲ್ಲಿ ಫೋಟೊ ತೆಗೆದಿಡಿ, ಯಾವ ವಯರ್ ಎಲ್ಲಿಗೆ ಅಂತ ಆಮೇಲೆ ಪೇಚಾಡೋದು ತಪ್ಪುತ್ತೆ.

ಜಾಗ 4: ಬ್ಯಾಟರಿ ಡಬ್ಬಿ

ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರ್ತಾರೆ. ಇವು ಸೀಲ್ ಮಾಡಿದ ಲೆಡ್ ಆಸಿಡ್ ಅಥವಾ ಜೆಲ್ ಬ್ಯಾಟರಿ. ಹಗುರದ ಮಡಚುವ ಗಾಡಿಗಳಲ್ಲಿ ಲಿಥಿಯಂ ಬ್ಯಾಟರಿ. ಎರಡಕ್ಕೂ ಮಳೆ ಹನಿಯಿಂದ ಸೀದಾ ಹಾನಿ ಕಡಿಮೆ. ಹಾಳಾಗೋದು ಟರ್ಮಿನಲ್ ಮತ್ತು ಡಬ್ಬಿಯ ತಳದಲ್ಲಿ ನಿಂತ ನೀರಿನಿಂದ. ಡಬ್ಬಿಯ ತಳದಲ್ಲಿ ನೀರು ಹೋಗೋಕೆ ತೂತಿದ್ದರೆ ಅದು ಕೆಸರು ಕಟ್ಟಿದೆಯಾ ನೋಡಿ, ಕಡ್ಡಿ ಹಾಕಿ ಬಿಡಿಸಿ.

ಲಿಥಿಯಂ ಪ್ಯಾಕನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಮೊಬೈಲ್ ರಿಪೇರಿ ಹುಡುಗರ ಹತ್ತಿರವೂ ಕೊಡಬಾರದು.

ತ್ರಿಚಕ್ರ ಮತ್ತು ಮುಂದೆ ಸಿಕ್ಕಿಸುವ ಗಾಡಿ ಇರುವವರಿಗೆ

ನಮ್ಮ ಹಳ್ಳಿಗಳಲ್ಲಿ ಜಾಯ್‌ಸ್ಟಿಕ್ ಗಾಡಿಗಿಂತ ಹೆಚ್ಚು ಕಾಣೋದು ಬ್ಯಾಟರಿ ತ್ರಿಚಕ್ರ. ಕೇಂದ್ರದ ಎಡಿಪ್ ಯೋಜನೆ ಶಿಬಿರಗಳಲ್ಲಿ ಕಾನ್ಪುರದ ಅಲಿಮ್ಕೊ ಸಂಸ್ಥೆಯ ಗಾಡಿ ಕೊಡ್ತಾರೆ. ಅದರಲ್ಲಿ ಜಾಯ್‌ಸ್ಟಿಕ್ ಬದಲು ಹ್ಯಾಂಡಲ್ ಮತ್ತು ಎಕ್ಸಿಲೇಟರ್ ಇರುತ್ತೆ. ಕಾಯಬೇಕಾದ ಜಾಗ ಎಕ್ಸಿಲೇಟರ್ ಹಿಡಿಕೆ, ಕೀ ಹಾಕುವ ತೂತು ಮತ್ತು ಬ್ಯಾಟರಿ ಡಬ್ಬಿ. ಬೈಕಿನ ಹ್ಯಾಂಡಲ್‌ಗೆ ಹಾಕುವ ಮಳೆ ಕವರ್ ಇದಕ್ಕೂ ಆಗುತ್ತೆ. ಇಲ್ಲೂ ಅದೇ ಮಾತು, ಎಕ್ಸಿಲೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದೆ ಬರಬೇಕು.

ಐಐಟಿ ಮದ್ರಾಸಿನಲ್ಲಿ ರೂಪುಗೊಂಡ ನಿಯೋಬೋಲ್ಟ್ ತರಹದ, ವೀಲ್‌ಚೇರಿನ ಮುಂದೆ ಸಿಕ್ಕಿಸುವ ಮೋಟಾರ್ ಘಟಕ ಇರುವವರಿಗೆ ಒಂದು ಅನುಕೂಲ ಇದೆ. ಅದನ್ನು ಬೇರೆ ಮಾಡಿ ಮನೆಯ ಒಣ ಜಾಗದಲ್ಲಿ ಇಡಬಹುದು.

ತಲೆಯ ಮೇಲೆ ತಗಡಿನ ಅಥವಾ ರೆಕ್ಸಿನ್ ಮಾಡು ಹಾಕಿಸೋದು ತುಂಬ ಜನರ ಆಸೆ. ಹಾಕಿಸುವ ಮೊದಲು ಯೋಚನೆ ಮಾಡಿ. ನಮ್ಮ ಕಡೆಯ ಗಾಳಿಗೆ ಎತ್ತರದ ಮಾಡು ಹಾಯಿಯ ಹಾಗೆ ಕೆಲಸ ಮಾಡಿ ಗಾಡಿಯನ್ನೇ ವಾಲಿಸಬಹುದು. ಫ್ರೇಮಿಗೆ ವೆಲ್ಡಿಂಗ್ ಮಾಡಿಸಿದರೆ ವಾರಂಟಿಗೂ ತೊಂದರೆ. ಬ್ಯಾಟರಿ, ಕಂಟ್ರೋಲರ್ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಅಲ್ಲೇ ಸುಡಬಹುದು.

ಗಾಡಿಗಿಂತ ಮೊದಲು ಕೂತವರು

ಗಾಡಿಯನ್ನು ಒಣಗಿಸುವ ಗಡಿಬಿಡಿಯಲ್ಲಿ ಅದರಲ್ಲಿ ಕೂತವರನ್ನು ಮರೆಯಬಾರದು. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದೇ ಇರಬಹುದು. ಕೂತ ಸ್ಪಾಂಜು ಒದ್ದೆಯಾಗಿದೆ ಅಂತಲೇ ಅವರಿಗೆ ತಿಳಿಯಲ್ಲ. ಒದ್ದೆ ಚರ್ಮ ಒತ್ತಡಕ್ಕೆ ಬೇಗ ಒಡೆದು ಹುಣ್ಣಾಗುತ್ತೆ. ಆ ಹುಣ್ಣು ಮಾಯೋಕೆ ಕೆಲವು ಸಲ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಬೇಕು. ಜಾಯ್‌ಸ್ಟಿಕ್ ಕೆಟ್ಟರೆ ದುಡ್ಡು ಹೋಗುತ್ತೆ, ಇದರಲ್ಲಿ ಆರೋಗ್ಯವೇ ಹೋಗುತ್ತೆ.

ಹಾಗಾಗಿ ಸೀಟಿನ ಕುಶನ್‌ಗೆ ನೀರು ಹಿಡಿಯದ ಕವರ್ ಇರಲಿ. ಮೇಲೆ ನುಣ್ಣಗಿನ ತೆಳು ಬಟ್ಟೆ ಇರಲಿ, ಪ್ಲಾಸ್ಟಿಕ್ ಸೀದಾ ಚರ್ಮಕ್ಕೆ ತಾಗಿದರೆ ಬೆವರಿ ಮತ್ತೆ ಅದೇ ಕಥೆ. ಮನೆಗೆ ಬಂದ ಕೂಡಲೇ ಮೊದಲು ಬಟ್ಟೆ ಬದಲಿಸಿ, ಮೈ ಒರೆಸಿ, ಆಮೇಲೆ ಗಾಡಿ.

ಮೈ ಮುಚ್ಚೋಕೆ ತೋಳಿಲ್ಲದ ಪೊಂಚೊ ಮಾದರಿ ರೈನ್‌ಕೋಟ್ ಒಳ್ಳೆಯದು. ತಲೆಯಿಂದ ಮೊಣಕಾಲು ತನಕ, ಜಾಯ್‌ಸ್ಟಿಕ್ ಇರುವ ಕೈಯನ್ನೂ ಸೇರಿಸಿ ಮುಚ್ಚುತ್ತೆ. ತೋಳಿನ ನೀರು ಜಾಯ್‌ಸ್ಟಿಕ್‌ಗೆ ಇಳಿಯೋದು ತಪ್ಪುತ್ತೆ. ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಎರಡೂ ಬದಿಯಲ್ಲಿ ಮಡಚಿ ಕ್ಲಿಪ್ ಹಾಕಿ. ಪೊಂಚೊ ಕಡ್ಡಿಯನ್ನು ಒತ್ತದಂತೆ ನೋಡಿಕೊಳ್ಳಿ. ಹಳದಿ, ಕಿತ್ತಳೆ ಬಣ್ಣದ್ದು ತಗೊಳ್ಳಿ. ಜಡಿಮಳೆಯಲ್ಲಿ ಬಸ್ಸು, ಟಿಪ್ಪರಿನವರ ಕಣ್ಣಿಗೆ ಕೂತು ಹೋಗುವವರು ಕಾಣೋದೇ ಕಷ್ಟ.

ಕೊಡೆ ಹಿಡಿದು ಗಾಡಿ ಓಡಿಸಬೇಡಿ. ಗಾಳಿಗೆ ಕೊಡೆ ಎಳೆದ ಕಡೆಗೆ ಕೈಯೂ ಹೋಗುತ್ತೆ, ಎದುರು ರಸ್ತೆಯೂ ಕಾಣಲ್ಲ.

ರಸ್ತೆಯಲ್ಲಿ

- ಸ್ಪೀಡ್ ಒಂದೆರಡು ಹಂತ ಇಳಿಸಿ. ತಿರುವಿನಲ್ಲಿ ಇನ್ನೂ ನಿಧಾನ.
- ಪಾಚಿ ಹಿಡಿದ ಸಿಮೆಂಟ್ ನೆಲ, ಟೈಲ್ಸ್ ಹಾಕಿದ ರ‍್ಯಾಂಪ್, ಚರಂಡಿಯ ಕಬ್ಬಿಣದ ಜಾಲರಿ ಮೂರೂ ಜಾರುತ್ತವೆ. ರ‍್ಯಾಂಪನ್ನು ಓರೆಯಾಗಿ ಹತ್ತಬೇಡಿ, ನೇರ ಹತ್ತಿ, ನೇರ ಇಳಿಯಿರಿ.
- ತಳ ಕಾಣದ ನೀರಿಗೆ ಇಳಿಯಬೇಡಿ. ಹೊಂಡ ಇದೆಯೋ ಬಾಯ್ತೆರೆದ ಚರಂಡಿ ಇದೆಯೋ ಗೊತ್ತಾಗಲ್ಲ.
- ತಳ ಕಂಡರೂ, ಮುಂದಿನ ಸಣ್ಣ ಚಕ್ರದ ನಡುವಿನ ನಟ್ಟಿನ ತನಕ ನೀರು ಬರುವ ಹಾಗಿದ್ರೆ ವಾಪಸ್ ತಿರುಗಿ. ಮೋಟಾರ್ ಇರೋದು ಹಿಂದಿನ ಚಕ್ರದ ಹತ್ತಿರ, ತುಂಬ ಎತ್ತರ ಏನಿಲ್ಲ.
- ಹೊರಡುವ ಮೊದಲು ಫೋನು ಪ್ಲಾಸ್ಟಿಕ್ ಚೀಲದಲ್ಲಿ, ಒಂದು ಒಣ ಬಟ್ಟೆ ಇನ್ನೊಂದು ಚೀಲದಲ್ಲಿ ಇರಲಿ. ಪರಿಚಯದ ಗೂಡ್ಸ್ ಆಟೋದವರ ನಂಬರ್ ಫೋನಲ್ಲಿರಲಿ.

ನಡುದಾರಿಯಲ್ಲಿ ಗಾಡಿ ನಿಂತರೆ?

ಜಾಯ್‌ಸ್ಟಿಕ್ ಒಳಗೆ ತೇವ ಹೋದರೆ ಸೂಚನೆ ತಪ್ಪು ತಪ್ಪಾಗಿ ಬರುತ್ತೆ. ಕಂಟ್ರೋಲರ್ ಅದನ್ನು ಗುರುತಿಸಿ ಗಾಡಿಯನ್ನು ನಿಲ್ಲಿಸುತ್ತೆ, ಲೈಟು ಮಿನುಗುತ್ತೆ ಅಥವಾ ಬೀಪ್ ಸದ್ದು ಬರುತ್ತೆ. ಗಾಡಿ ಸತ್ತು ಹೋಯ್ತು ಅಂತ ಗಾಬರಿ ಬೇಡ, ಅದು ನಿಮ್ಮನ್ನು ಕಾಪಾಡೋಕೆ ನಿಂತದ್ದು. ಆಫ್ ಮಾಡಿ, ಮಳೆ ಬೀಳದ ಜಾಗಕ್ಕೆ ಬನ್ನಿ, ಒಣ ಬಟ್ಟೆಯಲ್ಲಿ ಜಾಯ್‌ಸ್ಟಿಕ್ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಒಂದು ಸಲ ಆನ್ ಮಾಡಿ ನೋಡಿ. ಮಿನುಗುವ ಲೈಟ್ ಎಷ್ಟು ಸಲ ಮಿನುಗಿತು ಅಂತ ಎಣಿಸಿ ಅಥವಾ ವಿಡಿಯೊ ಮಾಡಿ. ಮೆಕ್ಯಾನಿಕ್‌ಗೆ ಅದರಿಂದಲೇ ತೊಂದರೆ ಯಾವುದು ಅಂತ ಗೊತ್ತಾಗುತ್ತೆ.

ಕೈ ಬಿಟ್ಟರೂ ಗಾಡಿ ತಾನಾಗಿ ಚಲಿಸಿದರೆ ಕೂಡಲೇ ಆಫ್ ಮಾಡಿ, ಮತ್ತೆ ಆನ್ ಮಾಡೋ ಪ್ರಯತ್ನವೇ ಬೇಡ.

ಆನ್ ಆಗದೇ ಇದ್ರೆ ತಳ್ಳಬೇಕು. ಆದರೆ ಸುಮ್ಮನೆ ತಳ್ಳಿದರೆ ಹೋಗಲ್ಲ. ಹೆಚ್ಚಿನ ಗಾಡಿಗಳಲ್ಲಿ ಕರೆಂಟ್ ಇಲ್ಲದಾಗ ಮೋಟಾರಿನ ಬ್ರೇಕ್ ತಾನಾಗಿ ಬಿಗಿದುಕೊಳ್ಳುತ್ತೆ. ಅದನ್ನು ಬಿಡಿಸೋಕೆ ಮೋಟಾರಿನ ಹತ್ತಿರ ಒಂದೊಂದು ಸಣ್ಣ ಲಿವರ್ ಇರುತ್ತೆ, ಸಾಮಾನ್ಯವಾಗಿ ಎರಡೂ ಕಡೆ. ಅದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ, ಮನೆಯವರಿಗೂ ತೋರಿಸಿ. ಲಿವರ್ ಬಿಡಿಸಿದ ಮೇಲೆ ಗಾಡಿಗೆ ಆ ಬ್ರೇಕ್ ಇರಲ್ಲ. ಅದಕ್ಕೆ ಇಳಿಜಾರಿನಲ್ಲಿ ಯಾರಾದ್ರೂ ಗಟ್ಟಿಯಾಗಿ ಹಿಡಿದ ಮೇಲೆಯೇ ಬಿಡಿಸಬೇಕು.

ಸಹಾಯಕ್ಕೆ ಓಡಿ ಬರುವವರಿಗೂ ಒಂದು ಮಾತು. ಮೊದಲು ಕೂತವರನ್ನು ಕೇಳಿ, ಆಮೇಲೆ ಕೈ ಹಾಕಿ. ಗಾಡಿ ಎತ್ತುವಾಗ ಕೈ ಇಡುವ ಹಲಗೆ, ಕಾಲು ಇಡುವ ಹಲಗೆ ಹಿಡಿಯಬೇಡಿ, ಅವು ಕಳಚಿ ಬರುವ ಭಾಗಗಳು. ಫ್ರೇಮ್ ಹಿಡಿಯಿರಿ. ಮಡಚುವ ಗಾಡಿ 25-30 ಕೆ.ಜಿ. ಇದ್ರೆ, ಲೆಡ್ ಬ್ಯಾಟರಿ ಇರುವ ದೊಡ್ಡ ಗಾಡಿ ಅದರ ಎರಡು ಮೂರು ಪಟ್ಟು ಇರುತ್ತೆ. ಕೂತವರ ಸಮೇತ ಎತ್ತೋ ಸಾಹಸ ಬೇಡ.

ಮನೆಗೆ ಬಂದ ಮೇಲೆ ಹತ್ತು ನಿಮಿಷ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡೋದಾದ್ರೆ ಇದನ್ನು ನೆನಪಿಡಿ.

1. ಗಾಡಿ ಆಫ್ ಮಾಡಿ. ಬಿಚ್ಚುವಂಥ ಬ್ಯಾಟರಿ ಆದ್ರೆ ಬಿಚ್ಚಿ ಒಳಗಿಡಿ.
2. ಜಾಯ್‌ಸ್ಟಿಕ್ ಕವರ್ ತೆಗೆದು ಕಡ್ಡಿಯ ಬುಡ, ಬಟನ್, ಚಾರ್ಜಿಂಗ್ ತೂತಿನ ಸುತ್ತ ಹತ್ತಿ ಬಟ್ಟೆಯಲ್ಲಿ ಒರೆಸಿ.
3. ಕುಶನ್ ತೆಗೆದು ನಿಲ್ಲಿಸಿಡಿ, ಫ್ಯಾನ್ ಗಾಳಿ ತಾಗಲಿ.
4. ಸೀಟಿನ ಅಡಿ, ವಯರ್, ಬ್ಯಾಟರಿ ಡಬ್ಬಿ ಒರೆಸಿ. ಕೆಸರಿದ್ದರೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಪೈಪ್ ಬಿಡಬೇಡಿ, ವಾಟರ್ ಸರ್ವಿಸ್ ಅಂಗಡಿಗೆ ಒಯ್ಯಲೇ ಬೇಡಿ.
5. ಮುಂದಿನ ಸಣ್ಣ ಚಕ್ರಕ್ಕೆ ಸುತ್ತಿದ ಹುಲ್ಲು, ಕೂದಲು, ದಾರ ತೆಗೆಯಿರಿ. ಅದು ನೀರು ಹಿಡಿದಿಟ್ಟು ಬೇರಿಂಗ್ ತುಕ್ಕು ಹಿಡಿಸುತ್ತೆ.
6. ಟೇಬಲ್ ಫ್ಯಾನ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಣಗಿದೆ ಅಂತ ಖಾತ್ರಿಯಾದ ಮೇಲೆ ಚಾರ್ಜ್.

ಬಿಸಿ ಹೇರ್‌ಡ್ರೈಯರ್, ಒಲೆಯ ಕಾವು ಬೇಡ. ರಬ್ಬರ್, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಅಕ್ಕಿಯಲ್ಲಿ ಹುಗಿಯೋದೂ ಪ್ರಯೋಜನ ಇಲ್ಲ, ಅಕ್ಕಿಯ ಹಿಟ್ಟು ಒಳಗೆ ಸೇರುತ್ತೆ ಅಷ್ಟೇ. ಗಾಳಿ ಆಡುವ ಹಾಗೆ ಇಡೋದೇ ಮದ್ದು.

ಇದನ್ನೆಲ್ಲ ಗಾಡಿ ಬಳಸುವವರೇ ಮಾಡೋಕೆ ಆಗದೇ ಇರಬಹುದು. ಮನೆಯಲ್ಲಿ ಒಬ್ಬರು ಇದನ್ನು ತಮ್ಮ ಕೆಲಸ ಅಂತ ಇಟ್ಟುಕೊಳ್ಳಿ. ಸಂಜೆ ಬೈಕ್ ಒರೆಸ್ತೇವಲ್ಲ, ಅಷ್ಟೇ ಕೆಲಸ.

ಟಾರ್ಪಾಲು ಸುತ್ತಿ ಇಟ್ಟರೆ ಸುರಕ್ಷಿತವಾ?

ಅಲ್ಲ. ನಾಲ್ಕು ತಿಂಗಳು ಮುಚ್ಚಿಟ್ಟ ಗಾಡಿ ಮಳೆಯಲ್ಲಿ ಓಡಾಡಿದ ಗಾಡಿಗಿಂತ ಹೆಚ್ಚು ಹಾಳಾಗಬಹುದು. ಬಿಗಿ ಟಾರ್ಪಾಲಿನ ಒಳಗೆ ನೆಲದ ತೇವ ಮೇಲೆ ಬಂದು ಅಲ್ಲೇ ನಿಲ್ಲುತ್ತೆ. ಕುಶನ್‌ಗೆ ಬೂಷ್ಟು, ಕನೆಕ್ಟರ್‌ಗೆ ಕಿಲುಬು. ಚಾರ್ಜ್ ಇಲ್ಲದೆ ಬಿಟ್ಟ ಲೆಡ್ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯಲ್ಲ. ಬೆಚ್ಚಗಿನ ಕತ್ತಲೆ ಜಾಗ ಅಂತ ಇಲಿ ಬಂದು ವಯರ್ ಕಡಿಯುತ್ತೆ.

ಬಳಸದೆ ಇಡಲೇಬೇಕು ಅಂದ್ರೆ ಎರಚಲು ಬೀಳದ ಜಾಗದಲ್ಲಿ ಹಳೇ ಕಾಟನ್ ಸೀರೆ ಅಥವಾ ಬೆಡ್‌ಶೀಟ್ ಹೊದಿಸಿ, ಅಡಿ ತೆರೆದಿಡಿ. ಲೆಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟು ತಿಂಗಳಿಗೊಮ್ಮೆಯಾದರೂ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಆದರೆ ಅರ್ಧದಷ್ಟು ಚಾರ್ಜ್ ಇಟ್ಟರೆ ಒಳ್ಳೆಯದು, ಪೂರ್ತಿ ಖಾಲಿ ಬಿಡಬಾರದು. ವಾರಕ್ಕೊಮ್ಮೆ ಮನೆಯೊಳಗಾದರೂ ನಾಲ್ಕು ಸುತ್ತು ಓಡಿಸಿ.

ಮನೆಗೆ ನೆರೆ ನೀರು ಬಂದರೆ

2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಮನೆಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ತಗ್ಗು ಪ್ರದೇಶದಲ್ಲಿ ಇರುವವರು ಗಾಡಿಯನ್ನು ಎಲ್ಲಿಗೆ ಎತ್ತಿಡಬೇಕು, ಯಾರು ಎತ್ತಬೇಕು ಅಂತ ಮೊದಲೇ ನಿಗದಿ ಮಾಡಿ. ಎತ್ತೋಕೆ ಆಗದಿದ್ರೆ ಬ್ಯಾಟರಿಯನ್ನಾದರೂ ಬಿಚ್ಚಿ ಮೇಲಿಡಿ. ಎಲ್ಲಕ್ಕಿಂತ ಮೊದಲು ಮನುಷ್ಯರು. ಎಲೆಕ್ಟ್ರಿಕ್ ಗಾಡಿ ನೀರಲ್ಲಿ ಓಡಲ್ಲ, ಹಾಗಾಗಿ ಗಾಡಿ ಬಳಸುವವರನ್ನು ನೀರು ಅಂಗಳಕ್ಕೆ ಬರುವ ಮೊದಲೇ ಬೇರೆ ಕಡೆಗೆ ಕಳಿಸಬೇಕು. ನೆರೆಹೊರೆಯವರಿಗೂ ಇದು ತಿಳಿದಿರಲಿ.

ಮುಳುಗಿದ ಗಾಡಿಯನ್ನು ಆನ್ ಮಾಡಿ ನೋಡಬೇಡಿ, ಚಾರ್ಜ್ ಹಾಕಬೇಡಿ. ಮುಳುಗಿದ ಲಿಥಿಯಂ ಬ್ಯಾಟರಿಗೆ ಕೆಲವು ದಿನ ಬಿಟ್ಟೂ ಬೆಂಕಿ ಹತ್ತಬಹುದು. ಮನೆಯಿಂದ ದೂರ, ಬಯಲಿನಲ್ಲಿ ಇಟ್ಟು ಡೀಲರ್‌ಗೆ ತಿಳಿಸಿ.

ಪಂಚಾಯ್ತಿಯಲ್ಲಿ ಏನು ಕೇಳಬಹುದು?

ಗಾಡಿಯನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ ಮನೆಯಿಂದ ರಸ್ತೆಗೆ ಬರುವ ದಾರಿ ಕೆಸರಾದರೆ ಏನು ಪ್ರಯೋಜನ? ಸ್ಥಳೀಯ ಸಂಸ್ಥೆಗಳು ಅನುದಾನದಲ್ಲಿ ಶೇ.5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು ಅನ್ನೋ ನಿಯಮ ನಮ್ಮ ರಾಜ್ಯದಲ್ಲಿದೆ. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶ ಸಿಗುವ ಹಾಗೆ ಇರಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತೆ. ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಮನೆ ಮುಂದಿನ ದಾರಿಗೆ ಕಾಂಕ್ರೀಟ್, ಚರಂಡಿಗೆ ಚಪ್ಪಡಿ, ಪಂಚಾಯ್ತಿ ಕಚೇರಿಯ ರ‍್ಯಾಂಪಿಗೆ ಮಾಡು, ಮಳೆಗಾಲದಲ್ಲಿ ರ‍್ಯಾಂಪಿನ ಪಾಚಿ ತೆಗೆಸೋದು, ಇವೆಲ್ಲ ದೊಡ್ಡ ಬೇಡಿಕೆಗಳೇನಲ್ಲ. ಅರ್ಜಿ ಬರೆಯೋಕೆ ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಕೇಳಿ, ಅವರಿರುವುದೇ ಇದಕ್ಕೆ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ಒಂದು ಶವರ್ ಕ್ಯಾಪ್, ಒಂದು ಪೊಂಚೊ, ಒಂದು ಒಣ ಬಟ್ಟೆ, ದಿನಕ್ಕೆ ಹತ್ತು ನಿಮಿಷ. ಇಷ್ಟಿದ್ದರೆ ಚೌತಿ ತನಕ ಕಾಯಬೇಕಾಗಿಲ್ಲ. ನಿಮ್ಮ ಊರಲ್ಲಿ ಎಲೆಕ್ಟ್ರಿಕ್ ವೀಲ್‌ಚೇರ್ ಅಥವಾ ಬ್ಯಾಟರಿ ತ್ರಿಚಕ್ರ ಬಳಸುವವರಿದ್ದರೆ ಮೊದಲ ಮಳೆ ಬೀಳುವ ಮೊದಲೇ ಈ ಮಾಹಿತಿ ಅವರಿಗೆ ಮುಟ್ಟಿಸಿ.